ಪವರ್ ಬ್ಯಾಂಕೋ ಫೋನೋ ರೀಕಾಲ್ ಆಗಿದೆ ಅಂತ ಗೊತ್ತಾದ್ರೆ ಮೊದಲು ಏನ್ ಮಾಡ್ಬೇಕು, ಆಮೇಲೆ ಏನ್ ಮಾಡ್ಬೇಕು

ಮೊದಲು ಚಾರ್ಜರ್ ಕಿತ್ತಾಕಿ, ಮಿಕ್ಕಿದ್ದೆಲ್ಲ ಆಮೇಲೆ. ನಿಮ್ಮ ಹತ್ರ ಇರೋ ಮಾಡೆಲ್ ಬಿಸಿಯಾಗಿ ಬೆಂಕಿ ಹತ್ಕೊಳ್ತಿದೆಯಂತೆ, ಕಂಪನಿಯವ್ರು ವಾಪಸ್ ಕರೀತಿದಾರಂತೆ ಅಂತ ಯಾರೋ ಹೇಳಿದ್ರು, ನಿಜವೋ ಸುಳ್ಳೋ ಇನ್ನೂ ಗೊತ್ತಿಲ್ಲ, ಪರವಾಗಿಲ್ಲ. ಅದು ನಿಜಾನಾ ಅಂತ ನೋಡೋಕೆ ಸ್ವಲ್ಪ ಹೊತ್ತು ಬೇಕಾಗುತ್ತೆ, ಅಷ್ಟು ಹೊತ್ತು ಅದು ಚಾರ್ಜಿಗಿರೋದು ಬೇಡ, ಹಾಸಿಗೆ ಮೇಲಿರೋದು ಬೇಡ, ದಿಂಬಿನ ಕೆಳಗಂತೂ ಬೇಡವೇ ಬೇಡ.

ಇಷ್ಟು ಖಂಡಿತವಾಗಿ ಯಾಕೆ ಹೇಳ್ತಿದೀನಿ ಅಂದ್ರೆ, ರೀಕಾಲ್ ಸುದ್ದಿ ಬಂದಾಗ ನಮ್ಮ ಜನ ಮೊದಲು ಹೇಳೋ ಮಾತು "ನಂದೇನೂ ಆಗಿಲ್ಲಪ್ಪ, ಎರಡು ವರ್ಷದಿಂದ ಚೆನ್ನಾಗೇ ಇದೆ" ಅಂತ. ಈ ಮಾತು ನಿಜಾನೇ ಇರಬಹುದು, ಆದ್ರೆ ಅದರಿಂದ ಮುಂದಿನದ್ದಕ್ಕೆ ಯಾವ ಗ್ಯಾರಂಟಿನೂ ಸಿಗಲ್ಲ. ಲಿಥಿಯಂ ಬ್ಯಾಟರಿ ಒಳಗೆ ಪಾಸಿಟಿವ್ ಪದರ ನೆಗೆಟಿವ್ ಪದರ ಎರಡೂ ಒಂದರ ಮೇಲೊಂದು ಸುತ್ತಿರ್ತವೆ, ಮಧ್ಯದಲ್ಲಿರೋದು ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಪೊರೆ. ತಯಾರಿಸೋವಾಗ ಒಂದು ಚೂರು ಲೋಹ ಒಳಗೆ ಉಳಿದಿದ್ರೋ, ಮೂಲೇಲಿ ಒತ್ತಡ ಬಿದ್ದಿದ್ರೋ, ಅದು ಮೊದಲ ದಿನಾನೇ ತೊಂದರೆ ಕೊಡ್ಬೇಕು ಅಂತೇನಿಲ್ಲ. ಚಾರ್ಜ್ ಆಗ್ತಾ ಆಗ್ತಾ, ಇಳೀತಾ ಇಳೀತಾ ಬ್ಯಾಟರಿ ಸ್ವಲ್ಪ ಸ್ವಲ್ಪ ಊದುತ್ತೆ ಕುಗ್ಗುತ್ತೆ, ಪೊರೆ ಸವೀತಾ ಬರುತ್ತೆ, ಒಂದಿನ ತೂತಾಗಿ ಒಳಗೇ ಶಾರ್ಟ್ ಆಗುತ್ತೆ. ಶಾರ್ಟ್ ಆದ ಜಾಗದಲ್ಲಿ ಬಿಸಿ, ಆ ಬಿಸಿಗೆ ಪಕ್ಕದ ಪೊರೆ ಕರಗಿ ಇನ್ನಷ್ಟು ಶಾರ್ಟ್, ಇನ್ನಷ್ಟು ಬಿಸಿ, ಹಿಂಗೆ ತನ್ನನ್ನ ತಾನೇ ಏರಿಸ್ಕೊಂಡು ಹೋಗುತ್ತೆ, ಆಮೇಲೆ ಸ್ವಿಚ್ ಆಫ್ ಮಾಡಿದ್ರೂ ನಿಲ್ಲಲ್ಲ. ಹಾಗಾಗಿ ಎರಡು ವರ್ಷ ಚೆನ್ನಾಗಿತ್ತು ಅನ್ನೋದು ಧೈರ್ಯ ತಗೊಳ್ಳೋ ವಿಷಯ ಅಲ್ಲ.

2016ರ ಸ್ಯಾಮ್‌ಸಂಗ್ ನೋಟ್ 7 ಕಥೆ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಇಂಥ ಹೊತ್ತಲ್ಲಿ ಜನ ಹೇಗೆ ನಡ್ಕೊಳ್ತಾರೆ ಅನ್ನೋದು ಅದರಲ್ಲಿ ಪೂರ್ತಿ ಸಿಗುತ್ತೆ. ಆಗಸ್ಟ್ 19ಕ್ಕೆ ಮಾರಾಟ ಶುರು, ಎರಡೇ ವಾರ ಕಳೀತು, ಸೆಪ್ಟೆಂಬರ್ 2ಕ್ಕೆ ಸುಮಾರು 25 ಲಕ್ಷ ಫೋನ್ ವಾಪಸ್ ಅಂತ ಘೋಷಣೆ. ಬದಲಿ ಫೋನ್ ಕೊಟ್ರು, ಜನ ನೆಮ್ಮದಿಯಾಗಿ ತಗೊಂಡ್ರು, ಅಕ್ಟೋಬರ್ 5ಕ್ಕೆ ಅಮೆರಿಕದ ಲೂಯಿವಿಲ್‌ನಲ್ಲಿ ಹೊರಡೋಕೆ ನಿಂತಿದ್ದ ವಿಮಾನದೊಳಗೆ ಅಂಥದ್ದೇ ಬದಲಿ ಫೋನೊಂದು ಹೊಗೆ ಬಿಟ್ಟು ಎಲ್ಲರನ್ನೂ ಕೆಳಗಿಳಿಸಬೇಕಾಯ್ತು. ಅಕ್ಟೋಬರ್ 11ಕ್ಕೆ ಆ ಫೋನಿನ ತಯಾರಿಕೇನೇ ನಿಲ್ಲಿಸಿದ್ರು. ಆಮೇಲೆ ತಿಳಿದಿದ್ದು ಏನಂದ್ರೆ ಮೊದಲನೇ ಕಂಪನಿ ಬ್ಯಾಟರಿಯಲ್ಲಿ ಮೇಲಿನ ಮೂಲೆ ಒತ್ತಿ ಒಳಗಿನ ಪದರ ಬಾಗಿತ್ತು, ಬದಲಿಗೆ ಕೊಟ್ಟ ಎರಡನೇ ಕಂಪನಿ ಬ್ಯಾಟರಿಯಲ್ಲಿ ವೆಲ್ಡಿಂಗ್ ಚೂಪು ಎದ್ದು ಪೊರೆಗೆ ಚುಚ್ಚುತ್ತಿತ್ತು, ಅಂದ್ರೆ ಎರಡು ಬೇರೆ ಬೇರೆ ದೋಷ. ಇಷ್ಟೆಲ್ಲ ಆದ್ಮೇಲೂ ಸುಮಾರು ಜನ ಆ ಫೋನ್ ವಾಪಸ್ ಕೊಡಲಿಲ್ಲ ರೀ! ಸ್ಕ್ರೀನ್ ಚೆನ್ನಾಗಿದೆ, ಪೆನ್ನು ಚೆನ್ನಾಗಿದೆ, ನಂದಕ್ಕೇನೂ ಆಗಿಲ್ಲ ಅಂತ ಇಟ್ಕೊಂಡ್ರು, ಕಡೆಗೆ ಕಂಪನಿಯವ್ರೇ ಸಾಫ್ಟ್‌ವೇರ್ ಅಪ್‌ಡೇಟ್ ಕಳಿಸಿ ಮೊದಲು 60 ಪರ್ಸೆಂಟಿಗಿಂತ ಜಾಸ್ತಿ ಚಾರ್ಜ್ ಆಗದ ಹಾಗೆ ಮಾಡಿ, ಆಮೇಲೆ ಚಾರ್ಜೇ ಆಗದ ಹಾಗೆ ಮಾಡ್ಬೇಕಾಯ್ತು. 2017ರ ಜನವರಿ ಹೊತ್ತಿಗೆ 96 ಪರ್ಸೆಂಟ್ ವಾಪಸ್ ಬಂದಿತ್ತು, ಒಟ್ಟು ಮಾರಾಟವಾಗಿದ್ದ ಸುಮಾರು 30 ಲಕ್ಷದಲ್ಲಿ ಉಳಿದ 4 ಪರ್ಸೆಂಟ್ ಅಂದ್ರೆ ಲಕ್ಷದ ಮೇಲಾಯ್ತು, ಲೆಕ್ಕ ಹಾಕ್ಕೊಳ್ಳಿ.

ನಮ್ಮಲ್ಲಿ ಅದು ಅಂಗಡಿಗೆ ಬರೋ ಮುಂಚೆನೇ ನಿಂತುಹೋಯ್ತು, ಬುಕಿಂಗ್ ಮಾಡಿದವ್ರು ಬೈಕೊಂಡ್ರು, ಈಗ ಯೋಚಿಸಿದ್ರೆ ಆ ತಡ ಆಗಿದ್ದೇ ಒಳ್ಳೇದಾಯ್ತು.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದಿದೆ. 2007ರ ಆಗಸ್ಟ್‌ನಲ್ಲಿ ನೋಕಿಯಾ ಬಿಎಲ್-5ಸಿ ಬ್ಯಾಟರಿ ಬಗ್ಗೆ ಎಚ್ಚರಿಕೆ ಬಂತು, ನೋಕಿಯಾ 1100 ಫೋನ್ ಇಟ್ಕೊಂಡಿದ್ದವ್ರಿಗೆಲ್ಲ ನೆನಪಿರುತ್ತೆ, ದಪ್ಪ ಚೌಕದ ಬ್ಯಾಟರಿ. 4 ಕೋಟಿ 60 ಲಕ್ಷ ಬ್ಯಾಟರಿ, ಅದೂ ಒಂದೇ ತಯಾರಕರು 2005ರ ಡಿಸೆಂಬರ್‌ನಿಂದ 2006ರ ನವೆಂಬರ್ ಒಳಗೆ ಮಾಡಿದವು ಮಾತ್ರ, ಪ್ರಪಂಚದಲ್ಲೆಲ್ಲ ಸೇರಿ ಬಿಸಿಯಾದ ಪ್ರಕರಣ ಸುಮಾರು 100. ಆದ್ರೆ ಸುದ್ದಿ ಬಾಯಿಂದ ಬಾಯಿಗೆ ಹೋಗ್ತಾ ನೋಕಿಯಾ ಫೋನೆಲ್ಲ ಬಾಂಬ್ ಥರ ಸಿಡಿಯುತ್ತೆ ಅಂತಾಗಿ ಸರ್ವೀಸ್ ಸೆಂಟರ್ ಮುಂದೆ ಜನ ಮುಗಿಬಿದ್ರು. ಬ್ಯಾಟರಿ ತೆಗೆದು ಹಿಂದೆ ಇದ್ದ 26 ಅಕ್ಷರದ ನಂಬರ್ ನೋಡಿದ್ರೆ ತಮ್ಮದು ಆ ಪಟ್ಟೀಲಿ ಇದೆಯೋ ಇಲ್ಲವೋ ಗೊತ್ತಾಗ್ತಿತ್ತು, ನೋಡಿದವ್ರಲ್ಲಿ ಬಹಳ ಜನರದ್ದು ಸೇರಿರಲೇ ಇಲ್ಲ. ಅತಿಯಾಗಿ ಹೆದರೋದು, ಏನೂ ಆಗಲ್ಲ ಅಂತ ಕೂರೋದು, ಎರಡಕ್ಕೂ ಔಷಧಿ ಒಂದೇ, ನಂಬರ್ ನೋಡೋದು.

ನಂಬರ್ ಹುಡುಕೋದು ಹೇಗೆ

ಬ್ರ್ಯಾಂಡ್ ಹೆಸರು ಸಾಲಲ್ಲ, ಮಾಡೆಲ್ ನಂಬರ್ ಬೇಕು, ಬಹಳ ಸಲ ಸೀರಿಯಲ್ ನಂಬರೂ ಬೇಕು. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಆಂಕರ್ ಕಂಪನಿ ಪವರ್‌ಕೋರ್ 10000 ಅನ್ನೋ ಪವರ್ ಬ್ಯಾಂಕ್ ವಾಪಸ್ ಕರೀತು, 11 ಲಕ್ಷಕ್ಕೂ ಮೇಲೆ, 19 ಕಡೆ ಬೆಂಕಿ ಅಥವಾ ಸ್ಫೋಟ ಆಗಿದೆ ಅಂತ ವರದಿ ಇತ್ತು. ಆದ್ರೆ ಅದೇ ಹೆಸರಲ್ಲಿ ಬೇರೆ ಬೇರೆ ಮಾಡೆಲ್ ಇವೆ, ಆ ರೀಕಾಲ್‌ನಲ್ಲಿದ್ದಿದ್ದು ಎ1263 ಮಾತ್ರ, ಅದರಲ್ಲೂ ಸೀರಿಯಲ್ ನಂಬರ್ ಹಾಕಿ ನೋಡ್ಬೇಕಿತ್ತು. ನಮ್ಮಲ್ಲಿ ಅಮೆರಿಕದಿಂದ ಬರೋ ಅಣ್ಣನೋ ಅತ್ತಿಗೆನೋ ತಂದುಕೊಟ್ಟ ಪವರ್ ಬ್ಯಾಂಕ್ ಎಷ್ಟು ಮನೇಲಿಲ್ಲ ಹೇಳಿ, ಅವರೆಲ್ಲ ಒಂದ್ಸಲ ತೆಗೆದು ನೋಡ್ಲೇಬೇಕು. ಆ ನಂಬರ್ ಕಪ್ಪು ಪ್ಲಾಸ್ಟಿಕ್ ಮೇಲೆ ಬೂದು ಬಣ್ಣದಲ್ಲಿ ಸಾಸಿವೆ ಸೈಜಲ್ಲಿ ಹೊಡೆದಿರ್ತಾರೆ, ಬರಿಗಣ್ಣಿಗೆ ಕಾಣಲ್ಲ. ಟಾರ್ಚನ್ನ ನೇರವಾಗಿ ಹಿಡೀಬೇಡಿ, ಪಕ್ಕದಿಂದ ಓರೆಯಾಗಿ ಹಿಡಿದ್ರೆ ಅಕ್ಷರ ಎದ್ದು ಕಾಣುತ್ತೆ, ಇನ್ನೊಂದು ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಬ್ಯಾಗಲ್ಲಿ ಓಡಾಡಿ ಅಳಿಸಿಹೋಗಿದ್ರೆ ಆನ್‌ಲೈನ್ ಆರ್ಡರ್ ಹಿಸ್ಟರಿಯಲ್ಲಿ, ಇಲ್ಲಾ ಹಳೇ ಡಬ್ಬದ ಮೇಲೆ ಮಾಡೆಲ್ ಇರುತ್ತೆ.

ನಂಬರ್ ಸಿಕ್ಕಿದ್ಮೇಲೆ ಯಾರೋ ಕಳಿಸಿದ ಲಿಂಕ್ ಒತ್ಬೇಡಿ, ಕಂಪನಿ ವೆಬ್‌ಸೈಟನ್ನ ನೀವೇ ಟೈಪ್ ಮಾಡಿ ಹೋಗಿ. ಹೊರದೇಶದಲ್ಲಿ ಕೊಂಡಿದ್ದಾದ್ರೆ ಅಮೆರಿಕದ ಸಿಪಿಎಸ್‌ಸಿ, ಯುರೋಪಿನ ಸೇಫ್ಟಿ ಗೇಟ್ ಈ ಎರಡು ಸರ್ಕಾರಿ ಪಟ್ಟಿಯಲ್ಲಿ ಹೆಸರು ಹಾಕಿ ಹುಡುಕಬಹುದು. ನಮ್ಮಲ್ಲಿ ಮಾರೋ ಪವರ್ ಬ್ಯಾಂಕು, ಅಡಾಪ್ಟರು, ಫೋನಿಗೆಲ್ಲ ಬಿಐಎಸ್ ಅಂದ್ರೆ ಸರ್ಕಾರದ ಗುಣಮಟ್ಟ ಸಂಸ್ಥೆಯ ನೋಂದಣಿ ಕಡ್ಡಾಯ, ಮೇಲೆ ಆರ್ ಅಂತ ಶುರುವಾಗೋ ನಂಬರ್ ಇರುತ್ತೆ, ಬಿಐಎಸ್ ಕೇರ್ ಆ್ಯಪಲ್ಲಿ ಅದನ್ನ ಹಾಕಿದ್ರೆ ಯಾವ ಕಂಪನಿಗೆ ಕೊಟ್ಟಿದ್ದು ಅಂತ ಬರುತ್ತೆ. ನಂಬರ್ ಒಬ್ಬರದ್ದು, ಡಬ್ಬದ ಮೇಲಿನ ಹೆಸರು ಇನ್ನೊಬ್ಬರದ್ದು ಅಂದ್ರೆ ಅದು ಡೂಪ್ಲಿಕೇಟ್ ಇರಬಹುದು, ಅಂಥದ್ದಕ್ಕೆ ರೀಕಾಲ್ ಮಾಡೋಕೆ ಹಿಂದೆ ಯಾರೂ ಇರಲ್ಲ, ಅದಕ್ಕೆ ಕಾಯದೇ ಉಪಯೋಗಿಸೋದು ಬಿಡಿ.

ಸುದ್ದಿ ಬಂದ ತಕ್ಷಣ ಮೋಸದವ್ರೂ ಎದ್ದು ಕೂರ್ತಾರೆ, ಇದನ್ನ ಮನೇಲಿರೋ ದೊಡ್ಡವ್ರಿಗೆ ಬಿಡಿಸಿ ಹೇಳಿ. "ಮೇಡಂ ನಿಮ್ಮ ಫೋನ್ ರೀಕಾಲ್ ಆಗಿದೆ, ಪಿಕಪ್‌ಗೆ ಹತ್ತು ರೂಪಾಯಿ ಕಟ್ಟಿ, ಓಟಿಪಿ ಹೇಳಿ, ಈ ಆ್ಯಪ್ ಹಾಕ್ಕೊಳ್ಳಿ" ಅಂತ ಫೋನ್ ಬಂದ್ರೆ ಕಟ್ ಮಾಡಿ. ದುಡ್ಡು ವಾಪಸ್ ಬರೋದಕ್ಕೆ ಯುಪಿಐ ಪಿನ್ ಬೇಕಾಗೇ ಇಲ್ಲ. ದುಡ್ಡು ಹೋಗೇಬಿಟ್ಟಿದ್ರೆ ತಡಮಾಡದೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಿಮ್ಮದು ಪಟ್ಟೀಲಿ ಇದೆ ಅಂತಾದ್ರೆ

ಅದನ್ನ ಎಲ್ಲಿಡೋದು ಅನ್ನೋದೇ ಈಗ ಮುಖ್ಯ, ಯಾಕಂದ್ರೆ ಕಂಪನಿಯವ್ರು ಬರೋಕೆ ವಾರಗಟ್ಟಲೆ ಆಗಬಹುದು. ಬಟ್ಟೆ ಬೀರು ಬೇಡ, ಪೇಪರ್ ರಾಶಿ ಹತ್ರ ಬೇಡ, ಗ್ಯಾಸ್ ಸಿಲಿಂಡರ್ ಇರೋ ಅಡುಗೆಮನೆ ಬೇಡ, ಮನೆಯಿಂದ ಹೊರಗೆ ಹೋಗೋ ಬಾಗಿಲ ಪಕ್ಕಾನೂ ಬೇಡ, ಅದು ಹೊತ್ಕೊಂಡ್ರೆ ನೀವು ಆಚೆ ಹೋಗೋ ದಾರೀನೇ ಮುಚ್ಚುತ್ತೆ. ಬಿಸಿಲು ಮಳೆ ಬೀಳದ ಬಾಲ್ಕನಿ ಅಥವಾ ಯುಟಿಲಿಟಿಯಲ್ಲಿ ಸಿಮೆಂಟ್ ನೆಲದ ಮೇಲೆ ಒಂದು ಖಾಲಿ ಮಣ್ಣಿನ ಕುಂಡ ಇಟ್ಟು, ಒಣ ಮರಳು ಹಾಕಿ ಅದರ ಮೇಲಿಡಿ, ಗಾಳಿಯಾಡದ ಹಾಗೆ ಬಿಗಿಯಾಗಿ ಮುಚ್ಚಬೇಡಿ, ಒಳಗೆ ಗ್ಯಾಸ್ ತುಂಬಿದ್ರೆ ಅದೇ ಸಿಡಿಯುತ್ತೆ. ಮಕ್ಕಳ ಕೈಗೆ ಸಿಗಬಾರದು. ಫ್ರಿಜ್ಜಲ್ಲಿ ಇಡೋರಿದಾರೆ, ದಯವಿಟ್ಟು ಬೇಡ. ಕಾರಲ್ಲಿ ಬಿಡೋದಂತೂ ಬೇಡವೇ ಬೇಡ, ರಾಯಚೂರು ಕಲಬುರಗಿ ಕಡೆ ಏಪ್ರಿಲ್‌ನಲ್ಲಿ ನಿಲ್ಲಿಸಿದ ಕಾರಿನ ಒಳಗೆ ಕೈ ಇಡೋಕಾಗಲ್ಲ, ಆ ಬಿಸಿ ಸರಿಯಾಗಿರೋ ಬ್ಯಾಟರಿಗೂ ಒಳ್ಳೇದಲ್ಲ.

ಈಗಾಗ್ಲೇ ಉಬ್ಬಿದ್ರೆ ಕಥೆ ಬೇರೆ. ಸಮತಟ್ಟಾದ ಟೇಬಲ್ ಮೇಲೆ ಇಟ್ಟು ಬೆರಳಲ್ಲಿ ಮೆಲ್ಲಗೆ ತಿರುಗಿಸಿ ನೋಡಿ, ಬುಗುರಿ ಥರ ತಿರುಗಿದ್ರೆ ಹೊಟ್ಟೆ ಉಬ್ಬಿದೆ ಅಂತ ಅರ್ಥ. ಫೋನಾದ್ರೆ ಸ್ಕ್ರೀನ್ ಅಂಚು ಎದ್ದು ಸಂದಿಯಲ್ಲಿ ಬೆಳಕು ಕಾಣುತ್ತೆ, ಲ್ಯಾಪ್‌ಟಾಪಾದ್ರೆ ಟಚ್‌ಪ್ಯಾಡ್ ಒತ್ತೋಕಾಗಲ್ಲ. ಸಿಹಿಯಾದ ಒಂಥರಾ ಥಿನ್ನರ್ ವಾಸನೆ ಬಂದ್ರೆ ಒಳಗಿನ ದ್ರವ ಸೋರ್ತಿದೆ ಅಂತ. ಉಬ್ಬಿದ್ದನ್ನ ಒತ್ತಿ ಸರಿಮಾಡೋದು, ಪಿನ್ನು ಚುಚ್ಚಿ ಗಾಳಿ ಬಿಡೋದು, ಯೂಟ್ಯೂಬ್ ನೋಡಿ ಬಿಚ್ಚೋದು ಯಾವುದನ್ನೂ ಮಾಡ್ಬೇಡಿ, ಇದರಲ್ಲಿ ಕೈ ಸುಟ್ಟುಕೊಂಡ್ರೆ ಹೋದ ಬೆರಳು ವಾಪಸ್ ಬರಲ್ಲ.

ಫೋನಲ್ಲಿರೋ ಫೋಟೋಗಳಿಗೋಸ್ಕರ ಎಷ್ಟೋ ಜನ ವಾಪಸ್ ಕೊಡೋದನ್ನ ಮುಂದಕ್ಕೆ ಹಾಕ್ತಾ ಹೋಗ್ತಾರೆ, ಅರ್ಥ ಆಗುತ್ತೆ, ಮಗು ಹುಟ್ಟಿದಾಗಿನ ಫೋಟೋ ಅದರಲ್ಲಿರುತ್ತೆ. ಉಬ್ಬಿಲ್ಲ, ಬಿಸಿ ಇಲ್ಲ ಅಂದ್ರೆ ಇರೋ ಚಾರ್ಜಲ್ಲೇ, ಚಾರ್ಜರ್ ಹಾಕದೇ, ಟೈಲ್ಸ್ ನೆಲದ ಮೇಲಿಟ್ಟು ಪಕ್ಕದಲ್ಲೇ ಕೂತು ವೈಫೈಯಲ್ಲಿ ಬ್ಯಾಕಪ್ ಮಾಡ್ಕೊಳ್ಳಿ, ಮಾಡಿಟ್ಟು ಮಲಗೋದು ಬೇಡ. ಮುಗಿದ್ಮೇಲೆ ಸಿಮ್ ತೆಗೀರಿ, ಅಕೌಂಟಿಂದ ಆಚೆ ಬಂದು ರೀಸೆಟ್ ಮಾಡಿ, ಆಫ್ ಮಾಡಿ. ಬ್ಯಾಟರಿ ಹೊರಗೆ ತೆಗೆಯೋಕಾಗೋ ಹಳೇ ಲ್ಯಾಪ್‌ಟಾಪಾದ್ರೆ ಬ್ಯಾಟರಿ ತೆಗೆದಿಟ್ಟು ನೇರ ಕರೆಂಟಲ್ಲಿ ಕೆಲಸ ಮಾಡಬಹುದು, 2006ರಲ್ಲಿ ಡೆಲ್ ಕಂಪನಿ 41 ಲಕ್ಷ ಬ್ಯಾಟರಿ ವಾಪಸ್ ಕರೆದಾಗ ಗ್ರಾಹಕರಿಗೆ ಹಂಗೇ ಹೇಳಿದ್ರು.

ಬೆಂಕಿನೇ ಹತ್ಕೊಂಡ್ರೆ? ಗೋಡೆಯ ಪ್ಲಗ್‌ಗೆ ಸಿಕ್ಕಿಸಿದ್ರೆ ಮೊದಲು ಸ್ವಿಚ್ ಇಲ್ಲಾ ಮೇನ್ ಆಫ್ ಮಾಡಿ, ಮನೆಯವ್ರನ್ನ ಆಚೆ ಕಳಿಸಿ, ಆ ಹೊಗೆ ವಿಷ, ಕುಡೀಬೇಡಿ. ಚಿಕ್ಕ ಬ್ಯಾಟರಿ, ನಿಮಗೆ ಹಿಂದೆ ದಾರಿ ಖಾಲಿ ಇದೆ, ಕರೆಂಟ್ ಕಟ್ ಆಗಿದೆ ಅಂದ್ರೆ ದೂರದಿಂದ ಧಾರಾಳವಾಗಿ ನೀರು ಹಾಕಬಹುದು. ಲಿಥಿಯಂಗೆ ನೀರು ಹಾಕಬಾರದು ಅಂತ ಬಹಳ ಜನ ನಂಬಿದಾರೆ, ಫೋನು ಪವರ್ ಬ್ಯಾಂಕಲ್ಲಿರೋ ಈ ಥರದ ಬ್ಯಾಟರಿಗೆ ತಂಪು ಮಾಡೋದೇ ಮುಖ್ಯ, ವಿಮಾನದ ಸಿಬ್ಬಂದಿಗೂ ನೀರು ಸುರಿಯೋಕೇ ಕಲಿಸ್ತಾರೆ. ಜ್ವಾಲೆ ಆರಿದ್ರೂ ಮತ್ತೆ ಹತ್ಕೊಳ್ಳುತ್ತೆ, ಕೈಯಲ್ಲಿ ಎತ್ತೋಕೆ ಹೋಗ್ಬೇಡಿ, 112 ಅಥವಾ 101ಕ್ಕೆ ಫೋನ್ ಮಾಡಿ. ಸುಟ್ಟ ಗಾಯಕ್ಕೆ ಹರಿಯೋ ತಣ್ಣೀರು 20 ನಿಮಿಷ, ಪೇಸ್ಟು ಅರಿಶಿನ ಏನೂ ಬೇಡ, ಆಮೇಲೆ ಡಾಕ್ಟರ್ ಹತ್ರ.

ಬೇರೆಯವ್ರ ತಲೆಗೆ ಕಟ್ಟಬೇಡಿ

ನನಗೆ ನಿಜವಾಗ್ಲೂ ಸಂಕಟ ಆಗೋದು ಇಲ್ಲಿ. ರೀಕಾಲ್ ಆಗಿರೋದನ್ನ ಅರ್ಧ ರೇಟಿಗೆ ಆನ್‌ಲೈನಲ್ಲಿ ಮಾರಿಬಿಡೋದು, ಇಲ್ಲಾ "ಸುಮ್ನೆ ಎಸೆಯೋದ್ಯಾಕೆ" ಅಂತ ಮನೆಕೆಲಸದವ್ರಿಗೋ ವಾಚ್‌ಮನ್‌ಗೋ ಕೊಟ್ಬಿಡೋದು. ಅವ್ರು ಹತ್ತಡಿ ರೂಮಲ್ಲಿ ಮಕ್ಕಳ ತಲೆ ಪಕ್ಕದಲ್ಲೇ ಚಾರ್ಜಿಗೆ ಹಾಕಿ ಮಲಗ್ತಾರೆ, ಅವ್ರಿಗೆ ಯಾವ ರೀಕಾಲ್ ಮೇಲ್ ಕೂಡ ಬರಲ್ಲ. ಈಗಾಗ್ಲೇ ಯಾರಿಗಾದ್ರೂ ಕೊಟ್ಟಿದ್ರೆ ಇವತ್ತೇ ಫೋನ್ ಮಾಡಿ ವಾಪಸ್ ಇಸ್ಕೊಳ್ಳಿ, ಬದಲಿ ಬಂದ್ಮೇಲೆ ಆ ಹೊಸದನ್ನ ಅವ್ರಿಗೇ ಕೊಡಿ. ಕಂಪನಿಯಿಂದ ಮೇಲ್ ಬರೋದು ಕೊಂಡವ್ರಿಗೆ ಮಾತ್ರ ಅನ್ನೋದು ನೆನಪಿರಲಿ, ಸೆಕೆಂಡ್ ಹ್ಯಾಂಡ್ ತಗೊಂಡವ್ರು ತಾವೇ ನೋಡ್ಕೋಬೇಕು.

ಕಸಕ್ಕೂ ಹಾಕಬೇಡಿ. ಕಸದ ಲಾರೀಲಿ ಒತ್ತಿದಾಗ ಹೊತ್ಕೊಂಡ್ರೆ ಸುಡೋದು ಪೌರಕಾರ್ಮಿಕರ ಕೈ. ಅಂಗಡಿ ಮುಂದಿನ ಹಳೇ ಬ್ಯಾಟರಿ ಡಬ್ಬಕ್ಕೂ ರೀಕಾಲ್ ಆದ ಬ್ಯಾಟರಿ ಹಾಕಬಾರದು, ಬೇರೆಯವುಗಳ ಜೊತೆ ಸೇರಿ ದೊಡ್ಡ ಬೆಂಕಿ ಆಗುತ್ತೆ. ಹಾಳಾದ ಬ್ಯಾಟರಿ ವಾಪಸ್ ತಗೊಳ್ಳೋ ಜವಾಬ್ದಾರಿ 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ತಯಾರಕರದ್ದು, ಹಾಗಾಗಿ ಅವ್ರನ್ನೇ ಕೇಳಿ. ಮಾಮೂಲಿ ಕೊರಿಯರ್‌ನಲ್ಲಿ ಹೇಳದೇ ಕಳಿಸೋದೂ ತಪ್ಪು, ಅದು ವಿಮಾನಕ್ಕೆ ಹೋಗಬಹುದು. ನೋಟ್ 7 ವಾಪಸ್ ತಗೊಳ್ಳೋವಾಗ ಅಮೆರಿಕದಲ್ಲಿ ಬೆಂಕಿ ತಡೆಯೋ ಪೇಪರ್ ಅಂಟಿಸಿದ ಪೆಟ್ಟಿಗೆ, ಒಳಗೆ ಇನ್ನೂ ಪೆಟ್ಟಿಗೆ, ಜೊತೆಗೆ ಕೈಗವಸು ಕೂಡ ಕಳಿಸಿದ್ರು, ರಸ್ತೆ ಮೂಲಕ ಮಾತ್ರ ಸಾಗಿಸ್ಬೇಕು ಅಂತ ಮೇಲೆ ಬರೆದಿತ್ತು. ಕೆಲವು ಕಂಪನಿಗಳು ವಾಪಸ್ ಕೇಳೋದೇ ಇಲ್ಲ, ಪವರ್‌ಕೋರ್ ರೀಕಾಲ್‌ನಲ್ಲಿ ಅದರ ಮೇಲೆ ಅಳಿಸದ ಮಾರ್ಕರ್‌ನಲ್ಲಿ ರೀಕಾಲ್ ಆಗಿದ್ದು ಅಂತ, ನಿಮ್ಮ ಹೆಸರು, ತಾರೀಕು ಬರೆದು, ಮಾಡೆಲ್ ನಂಬರ್ ಕಾಣೋ ಹಾಗೆ ಫೋಟೋ ಕಳಿಸಿದ್ರೆ ಬದಲಿ ಪವರ್ ಬ್ಯಾಂಕ್ ಇಲ್ಲಾ 30 ಡಾಲರ್ ಗಿಫ್ಟ್ ಕಾರ್ಡ್ ಕೊಡ್ತಿದ್ರು. ನಿಮ್ಮ ಕಂಪನಿ ಏನೇ ಹೇಳಲಿ, ಬೇರೆಯವ್ರು ಎತ್ಕೊಂಡು ಉಪಯೋಗಿಸದ ಹಾಗೆ ಮೇಲೆ ಮಾರ್ಕರಲ್ಲಿ ಬರೆದಿಡೋದು ಒಳ್ಳೇದು.

ಊರಿಗೆ ವಿಮಾನದಲ್ಲಿ ಹೋಗೋರಿದ್ರೆ ಅದನ್ನ ತಗೊಂಡು ಹೋಗ್ಬೇಡಿ. ಆ್ಯಪಲ್‌ನ 15 ಇಂಚಿನ ಕೆಲವು ಹಳೇ ಮ್ಯಾಕ್‌ಬುಕ್ ಪ್ರೋ ಲ್ಯಾಪ್‌ಟಾಪ್ 2019ರಲ್ಲಿ ರೀಕಾಲ್ ಆದಾಗ ಬ್ಯಾಟರಿ ಬದಲಾಯಿಸೋ ತನಕ ಅದನ್ನ ವಿಮಾನಕ್ಕೆ ತರಬೇಡಿ ಅಂತ ನಮ್ಮ ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎನೇ ಹೇಳಿತ್ತು, ಬೆಂಗಳೂರಲ್ಲಿ ಎಷ್ಟು ಜನ ಐಟಿಯವ್ರ ಬ್ಯಾಗಲ್ಲಿ ಅದೇ ಇತ್ತು. 2025ರ ಅಕ್ಟೋಬರ್‌ನಲ್ಲಿ ದೆಹಲಿಯಿಂದ ದಿಮಾಪುರಕ್ಕೆ ಹೊರಟಿದ್ದ ವಿಮಾನದಲ್ಲಿ ಸೀಟಿನ ಜೇಬಲ್ಲಿದ್ದ ಪವರ್ ಬ್ಯಾಂಕ್ ಹೊತ್ಕೊಂಡಿತು, ಸಿಬ್ಬಂದಿ ತಕ್ಷಣ ಆರಿಸಿದ್ರು, ಕಣ್ಣೆದುರಿಗೆ ಇತ್ತು ಅಂತ ಸರಿಹೋಯ್ತು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರ್ಬೇಕು ಅನ್ನೋದು ಇದಕ್ಕೇ, ಚೆಕ್‌ಇನ್ ಬ್ಯಾಗಲ್ಲಿ ಹೊತ್ಕೊಂಡ್ರೆ ಆರಿಸೋರಿಲ್ಲ.

ಕಂಪನಿ ಕೈ ಕೊಟ್ರೆ

ಸಿಟ್ಟು ಬರೋದು ಸಹಜ, ದುಡ್ಡು ಕೊಟ್ಟಿರೋದು ನೀವು. ಆದ್ರೆ ಕಸ್ಟಮರ್ ಕೇರಲ್ಲಿ ಕೂತಿರೋ ಹುಡುಗಿ ಮೇಲೆ ಕೂಗಾಡಿದ್ರೆ ಏನೂ ಆಗಲ್ಲ, ಬರವಣಿಗೆಯಲ್ಲಿ ಕೇಳಿ. ಮೇಲ್‌ನಲ್ಲಿ ಮಾಡೆಲ್, ಸೀರಿಯಲ್, ಕೊಂಡ ತಾರೀಕು, ನಾಲ್ಕೂ ಕಡೆ ಫೋಟೋ, "ಉಪಯೋಗಿಸೋದು ನಿಲ್ಲಿಸಿದೀನಿ, ದುಡ್ಡು ವಾಪಸ್ ಬೇಕು, ಇದನ್ನ ಹೇಗೆ ಕೊಡ್ಲಿ ಹೇಳಿ" ಅಂತ ನಾಲ್ಕು ಸಾಲು. ವಾರಂಟಿ ಮುಗಿದಿದೆ ಅಂದ್ರೆ ಒಪ್ಕೋಬೇಡಿ, ರೀಕಾಲ್ ಬೇರೆ ವಾರಂಟಿ ಬೇರೆ, ಆ ಮ್ಯಾಕ್‌ಬುಕ್ ಬ್ಯಾಟರೀನ ವಾರಂಟಿ ಮುಗಿದವ್ರಿಗೂ ಪುಕ್ಕಟೆ ಬದಲಾಯಿಸಿದ್ರು. ಬಿಲ್ ಇಲ್ಲ ಅಂತ ಸುಮ್ಮನಾಗ್ಬೇಡಿ, ಸೀರಿಯಲ್ ನಂಬರಲ್ಲೇ ಕೆಲಸ ಆಗೋದು ಜಾಸ್ತಿ. ಉಬ್ಬಿದ್ದರೆ, ಸುಟ್ಟಿದ್ದರೆ ಆ ಜಾಗದ ಫೋಟೋ, ಆಸ್ಪತ್ರೆ ಚೀಟಿ ಎಲ್ಲ ಇಟ್ಕೊಳ್ಳಿ.

ಉತ್ತರ ಬರದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು, ದೂರಿನ ನಂಬರ್ ಬರೆದಿಟ್ಕೊಳ್ಳಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ್ಮೇಲೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಂತ ಒಂದಿದೆ, ಅಪಾಯದ ವಸ್ತುಗಳನ್ನ ವಾಪಸ್ ತಗೊಳ್ಳಿ, ಜನರ ದುಡ್ಡು ಕೊಡಿ ಅಂತ ಕಂಪನಿಗೆ ಆದೇಶ ಮಾಡೋ ಅಧಿಕಾರ ಅದಕ್ಕಿದೆ, ಅಂದ್ರೆ ಕಂಪನಿಯವ್ರು ರೀಕಾಲ್ ಮಾಡದೇ ಇದ್ರೂ ನಿಮ್ಮದು ವಿಪರೀತ ಬಿಸಿ ಆಗ್ತಿದ್ರೆ ದೂರು ಕೊಡಿ, ನಿಮ್ಮ ಥರ ಹತ್ತು ಜನ ಕೊಟ್ರೆ ಆಗ ಅದು ಕಣ್ಣಿಗೆ ಬೀಳುತ್ತೆ. ಮನೆ ಸುಟ್ಟು ನಷ್ಟ ಆಗಿದ್ರೆ, ಮೈಗೆ ಪೆಟ್ಟಾಗಿದ್ರೆ ಅದೇ ಕಾಯ್ದೆಯಲ್ಲಿ ತಯಾರಕರಿಂದ ಪರಿಹಾರ ಕೇಳೋ ದಾರಿ ಇದೆ, ಕೆಲವು ಸಂದರ್ಭದಲ್ಲಿ ಮಾರಿದವ್ರನ್ನೂ ಕೇಳಬಹುದು. ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಹಾಕಬಹುದು, ನೀವು ಕೊಟ್ಟ ಬೆಲೆ 5 ಲಕ್ಷದ ಒಳಗಿದ್ರೆ ಫೀಸಿಲ್ಲ, ವಕೀಲರೂ ಕಡ್ಡಾಯ ಇಲ್ಲ, ಆದ್ರೆ ತೊಂದರೆ ಆದ ದಿನದಿಂದ 2 ವರ್ಷದೊಳಗೆ ಹಾಕ್ಬೇಕು. ಅದಕ್ಕೇ ಆ ಫೋಟೋಗಳು, ಮೇಲ್‌ಗಳು, 1915ರ ದೂರಿನ ನಂಬರ್ ಎಲ್ಲಾನೂ ಒಂದೇ ಫೋಲ್ಡರ್‌ನಲ್ಲಿ ಹಾಕಿ ಮನೇಲಿ ಇನ್ನೊಬ್ಬರಿಗೂ ಕಳಿಸಿಡಿ.